ವಾಸನೆ ಪರೀಕ್ಷಕನಿಗೂ ಬಂತೇ?

ಶಿವಕಾಂತನಿಗೆ ಸಿಕ್ಕ ನೌಕರಿಯೇ ಅವನನ್ನು ನೋಡಿ ನಗುವಂಥದ್ದು. ಕೊರೊನಾ ಜ್ವರದಲ್ಲಿ ಅವನ ಮೂಗು ಸತ್ತು ನಾಲ್ಕು ವರ್ಷವಾಗಿತ್ತು. ಹಾಲು ಉಕ್ಕಿ ಸೀದರೂ ತಿಳಿಯದು. ತನ್ನ ಕಾಲುಚೀಲದ ಸುದ್ದಿಯನ್ನೂ ಗೆಳೆಯರೇ ಹೇಳಬೇಕು. ಅಂಥವನು ಬೀದರದಲ್ಲಿ, ಮಿದುಳು ವಾಸನೆಯನ್ನು ಹೇಗೆ ಗುರುತಿಸುತ್ತದೆಂದು ತಿಳಿಯುವ ಸಂಶೋಧನಾ ಯೋಜನೆಯೊಂದರಲ್ಲಿ ಗುತ್ತಿಗೆ ಪರೀಕ್ಷಕ. ಸಂದರ್ಶನದಲ್ಲಿ ಮೂಗಿನ ಬಗ್ಗೆ ಯಾರೂ ಕೇಳಲಿಲ್ಲ. ಬೈಕ್ ಇದೆಯೇ ಎಂದು ಕೇಳಿದರು. ಇದೆ ಎಂದ.

ಇಲ್ಲದ ವಾಸನೆ ಬರುವವರನ್ನು ಹುಡುಕುವುದು ಅವನ ಕೆಲಸ. ಅಂಥ ನಲವತ್ತು ಜನ ಸಿಕ್ಕರೆ ದಿಲ್ಲಿಯಿಂದ ಎರಡನೇ ಕಂತಿನ ಅನುದಾನ. ಸಿಗದಿದ್ದರೆ ಮಾರ್ಚಿಗೆ ಯೋಜನೆ ಬಂದ್, ಶಿವಕಾಂತನೂ ಬಂದ್. ಫಾರ್ಮಿನ ಕೊನೆಯ ಪ್ರಶ್ನೆ: 'ಅದೇ ವೇಳೆಗೆ ಆ ವಾಸನೆ ಪರೀಕ್ಷಕನಿಗೂ ಬಂತೇ?' ಬಂದಿದ್ದರೆ ವಾಸನೆ ನಿಜದ್ದು, ಆ ಫಾರ್ಮು ಲೆಕ್ಕಕ್ಕಿಲ್ಲ. ಬೀದರದ ಗಲ್ಲಿಗಳಲ್ಲಿ, ಭಾಲ್ಕಿಯಲ್ಲಿ, ಸಾಯಗಾಂವದಲ್ಲಿ ಮೂವತ್ತೊಂಬತ್ತು ಸಲ 'ಇಲ್ಲ' ಎಂದು ಬರೆದಿದ್ದ. ಒಂದೂ ಸುಳ್ಳಲ್ಲ ಎಂಬುದೇ ಅವನ ಸಮಾಧಾನ.

ನಲವತ್ತನೆಯವಳು ಔರಾದ ತಾಲ್ಲೂಕಿನ ಡಾಬಕಾದ ಕಾಂತಾಬಾಯಿ. ಕುರಿ ಕಾಯುತ್ತಿದ್ದ ಗಂಡ ತೀರಿಕೊಂಡು ಆರು ವರ್ಷ. ಕುರಿಗಳು ಮಾರಿಹೋಗಿದ್ದವು, ಅವನ ಕಂಬಳಿ ಅವನೊಂದಿಗೇ ಮಣ್ಣಿಗೆ ಹೋಗಿತ್ತು. ಆದರೂ ಮಧ್ಯಾಹ್ನ ಮೂರರ ಹೊತ್ತಿಗೆ ತೊಯ್ದ ಕಂಬಳಿಯ ವಾಸನೆ ಬಾಗಿಲಿನಿಂದ ಒಳಗೆ ಬರುತ್ತದಂತೆ.

"ದಿನಾ ಬರ್ತದೇನ್ರಿ ಆಯಿ?"

"ಅವರು ಬ್ಯಾಡಂದ್ರ ನಿಲ್ಲೋ ಪೈಕಿ ಏನು? ಬರ್ತದ. ಸೊಸಿಗಿ ಹೇಳಿದ್ರ, ಅತ್ತಿ ತಲಿ ಕೆಟ್ಟದ ಅಂತಾಳ. ನೀನೂ ಅದನ್ನೇ ಬರಕೊಳ್ಳಲಾಕ ಬಂದಿ, ಹೌದಿಲ್ಲೋ?"

"ಹಂಗೇನಿಲ್ರಿ," ಎಂದ ಶಿವಕಾಂತ. ಹಂಗೇ ಇತ್ತು.

ಹೊಸ್ತಿಲ ಬಳಿ ಕೂತು, ಅವಳ ಮೂಗು ಸರಿಯಿದೆಯೇ ಎಂದು ನೋಡಲು ಒಂದೊಂದೇ ವಾಸನೆಯ ಬಾಟಲಿ ಕೊಟ್ಟ. "ಇದು ಲವಂಗ. ಇದು ಚಿಮಣಿ ಎಣ್ಣಿ. ಇದಕ್ಕೂ ಪರೀಕ್ಷಾನ ತಮ್ಮಾ? ಯಾರರೆ ಹೇಳ್ತಾರ," ಎಂದಳು. ಬಾಟಲಿಯ ಮೇಲಿನ ಚೀಟಿ ಓದದೆ ಹೇಳಲಾಗದವನು ಸುಮ್ಮನೆ ತಲೆಯಾಡಿಸಿದ.

ಮೂರನೇ ಬಾಟಲಿ ಹಿಡಿದವಳು ತಟ್ಟನೆ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಸರಿ ಆ ಕಡಿ. ದಾರ್ಯಾಗ ಕೂತಿ."

ಸರಿದ. ಸರಿಯುವಾಗಲೇ ಮೂಗಿನೊಳಗೆ ಏನೋ ಬಾಗಿಲು ತೆರೆದಂತಾಯಿತು. ತೊಯ್ದ ಉಣ್ಣೆ, ಕುರಿಯ ಜಿಡ್ಡು, ಅದರ ಹಿಂದೆಯೇ ಬೀಡಿಯ ಹೊಗೆ. ಎದ್ದು ಹೊರಗೆ ಇಣುಕಿದ. ಒಣ ಬಿಸಿಲು. ಮೂರು ತಿಂಗಳಿಂದ ಆ ಊರಿಗೆ ಒಂದು ಹನಿ ಬಿದ್ದಿರಲಿಲ್ಲ. ಅಂಗಳದಲ್ಲಿ ಕುರಿಯಿಲ್ಲ, ಕಂಬಳಿಯಿಲ್ಲ, ಯಾರೂ ಇಲ್ಲ.

"ಆಯಿ, ಅವರು ಬೀಡಿ ಸೇದತಿದ್ರೇನ್ರಿ?"

ಕಾಂತಾಬಾಯಿ ಅವನನ್ನೇ ನೋಡಿದಳು. "ಬೀಡಿ ಮಾತು ನಾ ಯಾರ ಮುಂದೂ ಆಡಿಲ್ಲ. ನಿನಗೂ ಬಂತು. ಬರಿ. ನನ್ನ ಮುಂದ ಬರಿ."

ಫಾರ್ಮಿನ ಕೊನೆಯ ಪ್ರಶ್ನೆಗೆ ಪೆನ್ನು ತಂದ. 'ಇಲ್ಲ' ಎಂದರೆ ಅನುದಾನ, ಸಂಬಳ, ಜೊತೆಗೆ ಮುದುಕಿಯ ತಲೆ ಕೆಟ್ಟಿದೆ ಎಂಬುದಕ್ಕೆ ಸರ್ಕಾರಿ ಕಾಗದ. ಹಿಂದಿನ ಅಷ್ಟೂ 'ಇಲ್ಲ'ಗಳಿಗೆ ಮೂಗೇ ಇರಲಿಲ್ಲ. 'ಹೌದು' ಎಂದು ಬರೆದ. ಬರೆದವನೇ, ಧೈರ್ಯ ಆರುವ ಮೊದಲು, ಬೀದರಕ್ಕೆ ಫೋನು ಹಚ್ಚಿದ. ಯೋಜನೆಯ ಮುಖ್ಯಸ್ಥೆ ಡಾಕ್ಟರ್ ಮುಸರ್ರತ ಎತ್ತಿದರು.

"ನಲವತ್ತಾಯ್ತೇನು ಶಿವಕಾಂತ? ಶಾಬಾಸ್!"

"ಇಲ್ರಿ ಮೇಡಂ. ಒಂದೂ ಆಗಿಲ್ರಿ."

ಮೂಗು ಸತ್ತ ಸಂಗತಿಯಿಂದ ಹಿಡಿದು ಎಲ್ಲ ಹೇಳಿದ. ಭಾಲ್ಕಿಯ ಮಾಸ್ತರರು ವೈರು ಸುಟ್ಟ ವಾಸನೆ ಎಂದಾಗ ಗೋಡೆಯೊಳಗೆ ನಿಜಕ್ಕೂ ವೈರು ಸುಡುತ್ತಿತ್ತೋ ಏನೋ, ತನಗೆ ಗೊತ್ತಾಗುವಂತಿರಲಿಲ್ಲ ಎಂದ.

"ಅನುದಾನ ಹೋಯ್ತು, ತಿಳೀತಿಲ್ಲೋ? ನಿನ್ನ ನೌಕರಿನೂ."

"ತಿಳೀತ್ರಿ."

"ಅರೇ, ಮೂಗೇ ಇಲ್ಲ ಅಂದ್ರ ಇವತ್ತ ನಿನಗ ಬಂದಿದ್ದೇನು?"

ಶಿವಕಾಂತ ತಿರುಗಿದ. ಕಾಂತಾಬಾಯಿ ಎರಡು ಕಪ್ ಚಹಾ ತಂದಿದ್ದಳು. ಒಂದನ್ನು ಅವನ ಕೈಗಿತ್ತಳು. ಇನ್ನೊಂದನ್ನು, ಹೊಸ್ತಿಲ ಬಳಿ ಅವನು ಬಿಟ್ಟು ಸರಿದಿದ್ದ ಖಾಲಿ ಜಾಗದ ಮುಂದೆ ಸದ್ದಾಗದಂತೆ ಇಟ್ಟಳು.

"ಆಮ್ಯಾಲ ಮಾತಾಡ್ತೇನ್ರಿ ಮೇಡಂ," ಎಂದು ದನಿ ತಗ್ಗಿಸಿದ. "ಮನಿಯಾಗ ಮಂದಿ ಅದಾರ."