ತಪ್ಪೆಲ್ಲ ಇಂಗಿನದು

ನನ್ನ ಅಜ್ಜ ಮೋನಪ್ಪ ಮುಲುಂಡ್ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ಸಾಂಬಾರು ಮಾಡಿದವರು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಅದರ ರುಚಿ ನೋಡಿದವರಲ್ಲ. ಕೆಲಸ ಕಲಿಸಿದ ಭಟ್ಟರ ನಿಯಮ ಹಾಗಿತ್ತು: ಬಡಿಸುವ ಮೊದಲು ಬಾಯಿಗೆ ಹಾಕಿದರೆ ಅಡುಗೆ ಎಂಜಲು. ಉಪ್ಪು, ಹುಳಿ, ಇಂಗು ಎಲ್ಲವೂ ಏಳುವ ಆವಿಯಲ್ಲೇ ತಿಳಿಯಬೇಕು.

"ನಾಲಗೆ ಗಿರಾಕಿಗೆ, ಮೂಗು ಅಡುಗೆಯವನಿಗೆ" ಎಂದು ಅಜ್ಜ ಹೇಳುತ್ತಾರೆ. ಈಗ ಅದನ್ನು ಹೇಳಿ ಮೊದಲು ತಾವೇ ನಗುತ್ತಾರೆ.

ಅವರ ಇನ್ನೊಂದು ಚಟ ರಾಜಕೀಯ. ಅವರಿದ್ದ ಚಾಳಿನ ಸಾಲುಮನೆಗಳ ನಲ್ಲಿಯಲ್ಲಿ ನೀರು ನಿಂತರೂ ಅದರ ಕಾರಣವನ್ನು ದಿಲ್ಲಿಯಲ್ಲೇ ಹುಡುಕುತ್ತಿದ್ದರು.

2020ರ ಲಾಕ್‌ಡೌನಿನಲ್ಲಿ ಹೋಟೆಲ್ ಮುಚ್ಚಿತು. ಅಡುಗೆಯವರೆಲ್ಲ ಊರು ಸೇರಿದರು. ಮೇ ತಿಂಗಳಲ್ಲಿ ಹೋಟೆಲ್ ಮಾಲೀಕ ಧನರಾಜ್, ಪವಾಯಿಯ ಅರ್ಧ ಕಟ್ಟಿದ ಬಿಲ್ಡಿಂಗುಗಳಲ್ಲಿ ಊರಿನ ರೈಲಿಗಾಗಿ ಕಾಯುತ್ತಿದ್ದ ಕೂಲಿಯವರಿಗೆ ಮಧ್ಯಾಹ್ನದ ಊಟ ಕಳಿಸಲು ತೀರ್ಮಾನಿಸಿ, ಕೆಲಸ ಬಿಟ್ಟು ನಾಲ್ಕು ವರ್ಷವಾಗಿದ್ದ ಅಜ್ಜನಿಗೆ ಫೋನು ಮಾಡಿದರು. ಅರವತ್ತೈದು ದಾಟಿದವರು ಮನೆಯಲ್ಲೇ ಇರಬೇಕೆಂದು ಸರ್ಕಾರ ಹೇಳಿತ್ತು. ಅಜ್ಜನಿಗೆ ಅರವತ್ತಾರು, ಆಧಾರ್ ಕಾರ್ಡಿನಲ್ಲಿ ಮಾತ್ರ ಅರವತ್ತನಾಲ್ಕು.

"ಸರ್ಕಾರದ ತಪ್ಪು ನನ್ನ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ" ಎನ್ನುತ್ತಾರೆ.

ಅಪ್ಪಿ ಅಜ್ಜಿ ತಡೆಯಲಿಲ್ಲ. ಒಂದೇ ಮಾತು ಹೇಳಿದರು: "ಹೋಗಿ. ಆದ್ರೆ ಮೈ ಸ್ವಲ್ಪ ಸರಿ ಇಲ್ಲ ಅಂತ ಕಂಡ್ರೂ ಅವತ್ತೇ ಹೇಳ್ಬೇಕು. ನನಗೆ ಸಕ್ಕರೆ ಕಾಯಿಲೆ ಉಂಟು, ನೆನಪಿರ್ಲಿ."

ಅಜ್ಜ ಒಪ್ಪಿದರು. ಪೊಲೀಸರು ಕೊಟ್ಟ ಪಾಸನ್ನು ಕೊರಳಿಗೆ ಹಾಕಿಕೊಂಡರು. ಮನೆಯಲ್ಲಿ ಗಂಜಿ ಉಣ್ಣುವಾಗಲೂ ಅದನ್ನು ತೆಗೆಯುತ್ತಿರಲಿಲ್ಲವಂತೆ.

ದಿನಾ ಬೆಳಗ್ಗೆ ಧನರಾಜ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು: "ಮೋನಪ್ಪಣ್ಣ, ಜ್ವರ ಉಂಟಾ? ವಾಸನೆ ಬರ್ತದಾ?"

"ನನ್ನ ಮೂಗಿನ ಮೇಲೆ ಡೌಟಾ ಸೇಟ್ರೇ?"

ಒಂದು ಸೋಮವಾರ ಸಾಂಬಾರಿನಿಂದ ಇಂಗಿನ ಪರಿಮಳ ಏಳಲಿಲ್ಲ. ಅಜ್ಜ ಇನ್ನೊಂದು ಚಮಚ ಹಾಕಿದರು. ಏಳಲಿಲ್ಲ. ಮಂಗಳವಾರ ಮೂರು ಚಮಚ, ಬುಧವಾರ ಐದು. (ಅಜ್ಜ ಒಮ್ಮೆ ನಾಲ್ಕು ಎಂದಿದ್ದರು. ಅಜ್ಜಿಯ ಎದುರು ಕೇಳಿದಾಗ ಐದು ಎಂದು ಒಪ್ಪಿದರು.) ಮೂರು ದಿನವೂ ಧನರಾಜ್ ಕೇಳಿದಾಗ "ಬರ್ತದೆ" ಎಂದೇ ಹೇಳಿದರು. ಮನೆಯಲ್ಲಿ ಏನೂ ಹೇಳಲಿಲ್ಲ. ಏಕೆಂದರೆ ಅಷ್ಟರಲ್ಲಿ ಅವರು ಕಾರಣ ಕಂಡುಹಿಡಿದಿದ್ದರು.

"ಇಂಗು ಬರೋದು ಅಫ್ಘಾನಿಸ್ತಾನದಿಂದ" ಎಂದು ಪಾತ್ರೆ ತೊಳೆಯುವ ಸಂತುವಿಗೆ ವಿವರಿಸಿದರು. "ಗಡಿ ಬಂದ್. ಡಬ್ಬಿಯಲ್ಲಿ ಇರೋದು ಬರೀ ಮೈದಾ. ದಿಲ್ಲಿಯವರಿಗೆ ಇಂಗಿನ ಚಿಂತೆ ಉಂಟಾ? ಇಲ್ಲಿಯವರಿಗಾದ್ರೂ ಉಂಟಾ?"

ಗುರುವಾರ, ಪವಾಯಿಗೆ ಊಟ ಒಯ್ಯಲು ಟೆಂಪೋದಲ್ಲಿ ಬರುತ್ತಿದ್ದ ಕಲಬುರಗಿ ಕಡೆಯ ಶ್ರೀಮಂತ ಎಂಬ ಕೂಲಿಯವ ಕೈಮುಗಿದು ನಿಂತ.

"ಕಾಕಾ, ತಪ್ಪು ತಿಳ್ಕೋಬ್ಯಾಡ್ರಿ. ಮೂರು ದಿನ ಆಯ್ತು, ಸಾಂಬಾರದಾಗ ಇಂಗು ಬಿಟ್ರ ಬ್ಯಾರೆ ಏನೂ ಇಲ್ರಿ. ಇದು ಊಟಾನೋ ಹೊಟ್ಟಿನೋವಿನ ಔಷಧಾನೋ ಅಂತ ನಮ್ಮ ಮಂದಿ ಕೇಳ್ಲತಾರ."

"ಬಿಟ್ಟಿ ಊಟಕ್ಕೂ ಹೆಸರಿಡ್ತೀರಲ್ಲ! ಅದು ಇಂಗೇ ಅಲ್ಲ ಮಾರಾಯ, ಮೈದಾ."

ಶ್ರೀಮಂತ ಡಬ್ಬ ಎತ್ತಿಕೊಂಡು ಹೋದ. ಬಿಟ್ಟಿ ಊಟದ ಆ ಮಾತನ್ನು ಹೇಳುವಾಗ ಅಜ್ಜ ಈಗಲೂ ನಗುವುದಿಲ್ಲ.

ಆ ಸಂಜೆ ಅಜ್ಜ ಮನೆಗೆ ಬಂದಾಗ ಅಜ್ಜಿ ಒಣಮೀನು ಸುಡುತ್ತಿದ್ದರು. ಒಣಮೀನು ಸುಟ್ಟರೆ ಚಾಳಿನ ಮೂರೂ ಮಾಳಿಗೆಗೆ ಗೊತ್ತಾಗುತ್ತದೆ. ಪಕ್ಕದ ಮನೆಯವರು ಧಡಾರನೆ ಕಿಟಕಿ ಮುಚ್ಚಿದ್ದರು. ಅಜ್ಜ ಕೈಕಾಲು ತೊಳೆದು ಅಜ್ಜಿಯ ಬೆನ್ನ ಹಿಂದೆಯೇ ಕುಳಿತು ಕೇಳಿದರು: "ಇವತ್ತು ಎಂಥ, ಬೀನ್ಸ್ ಪಲ್ಯವಾ?"

ಅಜ್ಜಿಯ ಕೈಯಲ್ಲಿದ್ದ ಇಕ್ಕಳ ಕೆಳಗೆ ಬಿತ್ತು. ಅವರು ತಿರುಗಿದವರೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಸರಿದರು.

"ಎಷ್ಟು ದಿನ ಆಯ್ತು?"

"ಇಂಗು ಸರಿ ಇಲ್ಲ..."

"ಇಂಗಿನ ಕತೆ ಬಿಡಿ. ನಿಮ್ಮ ಮೂಗಿಗೆ ಎಷ್ಟು ದಿನ ಆಯ್ತು?"

"ನಾಲ್ಕು."

"ನಾನು ಎಂಥ ಹೇಳಿದ್ದೆ?"

ಹೇಳಿದರೆ ಪಾಸು ಹೋಗುತ್ತದೆ, ಮತ್ತೆ ಕಟ್ಟೆಯ ಮೇಲೆ ಕುಳಿತು ಗಂಟೆ ಕಳೆಯುವ ಮುದುಕನಾಗಬೇಕು. ನಾಲ್ಕು ದಿನ ಅಜ್ಜನ ಬಾಯಿ ಕಟ್ಟಿದ್ದು ಆ ಹೆದರಿಕೆ. ಇಂಗು ಅದಕ್ಕೊಂದು ನೆಪ. ಈಗ ಎದುರಿಗೆ ಅಜ್ಜಿ ಗೋಡೆಗೆ ಅಂಟಿ ನಿಂತಿದ್ದರು. ಅಜ್ಜ ಪಾಸು ತೆಗೆದು ಮೊಳೆಗೆ ಹಾಕಿ ಧನರಾಜ್‌ಗೆ ಫೋನು ಮಾಡಿದರು.

"ಸೇಟ್ರೇ, ವಾಸನೆ ಬರ್ತದೆ ಅಂದದ್ದು ಸುಳ್ಳು. ಸೋಮವಾರದಿಂದ ಇಲ್ಲ. ಶ್ರೀಮಂತ ಹೇಳಿದ್ದು ನಿಜ."

ಧನರಾಜ್ ಬೈಯಲಿಲ್ಲ. "ಅಡುಗೆಮನೆ ಮುಚ್ಚಬೇಕಾಗ್ತದಲ್ಲ ಮೋನಪ್ಪಣ್ಣ" ಎಂದಷ್ಟೇ ಹೇಳಿದರು. ಬೈದಿದ್ದರೆ ಒಳ್ಳೆಯದಿತ್ತು ಎನ್ನುತ್ತಾರೆ ಅಜ್ಜ.

ಅಡುಗೆಮನೆ ಎರಡು ವಾರ ಮುಚ್ಚಿತು. ಪವಾಯಿಯವರಿಗೆ ಎರಡು ದಿನ ಬ್ರೆಡ್ಡು ಬಾಳೆಹಣ್ಣೇ ಊಟ. ಆಮೇಲೆ ಬೇರೆ ಯಾರೋ ಊಟ ಕೊಟ್ಟರು. ಸಂತುವಿಗೆ ಏನೂ ಆಗಲಿಲ್ಲ. ಅಜ್ಜನಿಗೆ ಜ್ವರವೂ ಬರಲಿಲ್ಲ. ಅಜ್ಜಿಗೆ ಬಂತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು, ಅದರಲ್ಲಿ ಐದು ದಿನ ಆಮ್ಲಜನಕದ ಮೇಲೆ. ಆ ದಿನಗಳ ಬಗ್ಗೆ ಅಜ್ಜ ಹೇಳಿರುವುದು ಇಷ್ಟೇ: "ಕೇಂದ್ರ ತಪ್ಪನ್ನು ರಾಜ್ಯದ ಮೇಲೆ ಹಾಕಿತು, ರಾಜ್ಯ ಕೇಂದ್ರದ ಮೇಲೆ ಹಾಕಿತು, ನಾನು ಇಂಗಿನ ಮೇಲೆ ಹಾಕಿದೆ. ಇಂಗು ತಿಂದ ಮಂಗನಿಗಾದರೂ ತಿಂದದ್ದು ಇಂಗು ಅಂತ ಗೊತ್ತಾಗ್ತದೆ. ನನಗೆ ಅದೂ ಗೊತ್ತಾಗಲಿಲ್ಲ."

ಅಜ್ಜಿ ವಾಪಸು ಬಂದರು. ಅಡುಗೆಮನೆ ಮತ್ತೆ ತೆರೆಯಿತು, ಬೇರೆ ಅಡುಗೆಯವನೊಂದಿಗೆ. ಅಜ್ಜ ಕಟ್ಟೆಯ ಮೇಲೆ ಕುಳಿತರು.

ಈಗಲೂ ಟಿವಿ ಸುದ್ದಿ ನೋಡುತ್ತ ಅವರ ದನಿ ಏರಿದರೆ, ಅಜ್ಜಿ ಒಳಗಿನಿಂದ ಇಂಗಿನ ಡಬ್ಬಿ ತಂದು ಮುಚ್ಚಳ ತೆಗೆದು ಅವರ ಮೂಗಿನ ಕೆಳಗೆ ಹಿಡಿಯುತ್ತಾರೆ.

"ಬರ್ತದಾ?"

ಅಜ್ಜ ಕಣ್ಣು ಮುಚ್ಚಿ, ನಿಧಾನವಾಗಿ ಎಳೆದುಕೊಂಡು, ನಿಜ ಹೇಳುತ್ತಾರೆ. "ಅರ್ಧ."

"ಹಾಗಾದ್ರೆ ಸರ್ಕಾರಕ್ಕೂ ಅರ್ಧವೇ ಬೈಯಿರಿ."