ಅಂಜಿನಮ್ಮ ಓದಿದ ಚೀಟಿ

ಅಟ್ಟೂರಿನ ಅಂಜಿನಮ್ಮನಿಗೆ ಮೂರು ಎಮ್ಮೆ, ಒಂದು ದೊಡ್ಡ ಗಂಟಲು. ಗಂಡ ತೀರಿಕೊಂಡ ಮೇಲೆ ದಿನಾ ಬೆಳಗ್ಗೆ ಹಾಲಿನ ಕ್ಯಾನು ಹೊತ್ತು ಕೆರೆ ಏರಿಯ ಮೇಲೆ ಯಲಹಂಕಕ್ಕೆ ನಡೆಯುತ್ತಿದ್ದಳು. ೧೯೬೩ರಲ್ಲಿ ಒಂದು ದಿನ ಸೈಕಲ್ ಶಾಪಿನ ಬೈರಣ್ಣ ಏರಿಯ ಮೇಲೆ ಅಡ್ಡಗಟ್ಟಿ ಅವಳ ಸೊಂಟಕ್ಕೆ ಕೈ ಹಾಕಿದ. ಕ್ಯಾನು ಅವನ ತಲೆಯ ಮೇಲೆ ಬಿತ್ತು. ಹಾಲಿನಲ್ಲಿ ತೊಯ್ದವನ ಕೊರಳಪಟ್ಟಿ ಹಿಡಿದು ಸ್ಟೇಷನ್ನಿನವರೆಗೂ ಎಳೆದುಕೊಂಡೇ ಹೋದಳು. ದಾರಿಯಲ್ಲಿ ಇನ್ನಿಬ್ಬರು ಹೆಂಗಸರು, ತಮಗೂ ಹೀಗೇ ಮಾಡಿದ್ದನೆಂದು ಜೊತೆಗೂಡಿದರು.

ಕೋರ್ಟಿನಲ್ಲಿ ಅಪರಾಧ ಸಾಬೀತಾಯಿತು. ಆದರೆ ಹಿಂದೆ ಶಿಕ್ಷೆಯಾದವನಲ್ಲವೆಂದು ಮ್ಯಾಜಿಸ್ಟ್ರೇಟರು ಜೈಲಿಗೆ ಕಳಿಸದೆ ಎರಡು ವರ್ಷದ ಮುಚ್ಚಳಿಕೆ ಬರೆಸಿಕೊಂಡರು. ಏರಿಯ ಕಡೆ ಸುಳಿಯಬಾರದು. ಪ್ರತಿ ಗುರುವಾರ ಮಾನಸಿಕ ಆಸ್ಪತ್ರೆಗೆ ಚಿಕಿತ್ಸೆಗೆ ಹೋಗಬೇಕು; ಬಂದನೋ ಇಲ್ಲವೋ ಎಂದು ಬರೆದ ಚೀಟಿಯನ್ನು ಆಸ್ಪತ್ರೆಯವರು ವಾರವಾರ ಊರ ಪಟೇಲರಿಗೆ ಕಳಿಸಬೇಕು.

"ಜೈಲಿಗಾಕಿ ಅಂದ್ರೆ ಆಸ್ಪತ್ರೆಗಾಕವ್ರಲ್ಲ ಸಾಮಿ! ಇವನಿಗೇನು ಜ್ವರವಾ?" ಎಂದಳು ಅಂಜಿನಮ್ಮ.

ಮುಚ್ಚಳಿಕೆಯ ಮೇಲ್ವಿಚಾರಣೆಗೆ ಕೋರ್ಟು ನೇಮಿಸಿದ ಅಧಿಕಾರಿ ಚನ್ನಕೇಶವ ನಗಲಿಲ್ಲ. "ಜೈಲಿಂದ ಬಂದ್ಮೇಲೂ ಅವನು ಇದೇ ಊರಲ್ಲಿ ತಾನೇ ಇರ್ಬೇಕು, ಅಂಜಿನಮ್ಮನವ್ರೇ? ತಿದ್ಕೊಂಡು ಇರ್ಲಿ. ಚಿಕಿತ್ಸೆ ತಪ್ಪಿಸಿದ್ರೆ ಜೈಲು ಇದ್ದೇ ಇದೆ."

"ತಪ್ಪಿಸಿದ್ರೆ ನಂಗೆಂಗೆ ಗೊತ್ತಾಗ್ತದೆ?"

"ಚೀಟೀಲಿ ಬರ್ದಿರುತ್ತೆ."

ಪಟೇಲ ಮುನಿಶಾಮಪ್ಪ ಬೈರಣ್ಣನ ಚಿಕ್ಕಪ್ಪ. ಅವಳು ಚಾವಡಿಗೆ ಬಂದು ಕೇಳಿದಾಗಲೆಲ್ಲ ಚೀಟಿಯ ಮೇಲೆ ಕಣ್ಣಾಡಿಸಿ, "ಎಲ್ಲಾ ಸರಿಯಾಗೈತೆ, ಓಗಮ್ಮ" ಎನ್ನುತ್ತಿದ್ದ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

ಯಲಹಂಕದಲ್ಲಿ ಅವಳ ಹಾಲು ಕೊಳ್ಳುತ್ತಿದ್ದ ನೂರ್‌ಜಹಾನ್ ಬಟ್ಟೆ ಹೊಲಿಯುವವಳು, ಮಿಡ್ಲ್ ಸ್ಕೂಲು ಓದಿದವಳು. ಅಕ್ಷರ ಹೇಳಿಕೊಡೆಂದು ಅಂಜಿನಮ್ಮ ಕೇಳಿದಾಗ, "ಈ ವಯಸ್ಸಲ್ಲಿ ಓದು ಯಾಕಕ್ಕಾ?" ಎಂದು ನಕ್ಕಳು.

"ಒಂದು ಚೀಟಿ ಓದ್ಬೇಕು ಕಣಮ್ಮ."

ಕಪ್ಪು ಬಟ್ಟೆಯ ತುಂಡಿನ ಮೇಲೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ಪಾಠ ಶುರುವಾಯಿತು. ಒತ್ತಕ್ಷರ ನೋಡಿ ಅಂಜಿನಮ್ಮ, "ಕರು ಕೆಚ್ಚಲಿಗೆ ಬಾಯಾಕ್ದಂಗೈತೆ" ಎಂದಳು. ನೂರ್‌ಜಹಾನಳಿಗೆ ನಗು ತಡೆಯಲಾಗದೆ ಅವತ್ತಿನ ಹೊಲಿಗೆ ಸೊಟ್ಟಗಾಯಿತು.

ಐದನೇ ತಿಂಗಳು ಚಾವಡಿಯಲ್ಲಿ ಅವಳೇ ಚೀಟಿ ಕೈಗೆ ತೆಗೆದುಕೊಂಡಳು. "ಗೈ... ರು... ಹಾ... ಜ... ರು."

ಪಟೇಲ ಚೀಟಿ ಕಸಿಯಲು ಕೈ ಚಾಚಿದ. "ಅದು ಡಾಕ್ಟರ ಎಸರು ಕಣಮ್ಮ."

ಅವಳು ಹಿಂದಿನ ವಾರಗಳ ಚೀಟಿಗಳನ್ನೂ ತಿರುವಿದಳು. "ಮೂರರಾಗೂ ಇದೇ ಡಾಕ್ಟರು ಅವ್ರಲ್ಲ, ಪಟೇಲ್ರೇ! ರಜಾನೇ ಆಕಲ್ವಾ ಇವ್ರು?"

ಚಾವಡಿಯೇ ನಕ್ಕಿತು.

ಮರುದಿನ ಚನ್ನಕೇಶವರ ಕಚೇರಿಯಲ್ಲಿ ದೂರು ಬರೆಸಿ, ಹೆಬ್ಬೆಟ್ಟಿನ ಮಸಿಡಬ್ಬಿ ಪಕ್ಕಕ್ಕೆ ತಳ್ಳಿ, ತನ್ನ ಹೆಸರು ತಾನೇ ಬರೆದಳು. ಅಷ್ಟಕ್ಕೆ ಎರಡು ಸಲ ಉಸಿರು ಎಳೆದುಕೊಳ್ಳಬೇಕಾಯಿತು. ಮ್ಯಾಜಿಸ್ಟ್ರೇಟರು ಬೈರಣ್ಣನನ್ನು ಕರೆಸಿ, ಇನ್ನೊಂದು ಗುರುವಾರ ತಪ್ಪಿದರೆ ನೇರ ಜೈಲು ಎಂದರು. ಚೀಟಿ ಇನ್ನು ಪಟೇಲರಿಗಲ್ಲ, ಆಸ್ಪತ್ರೆಯಿಂದ ಅಂಚೆಯಲ್ಲಿ ಅಧಿಕಾರಿಗೇ ಹೋಗಬೇಕು ಎಂದೂ ಆಜ್ಞೆಯಾಯಿತು.

ಬೈರಣ್ಣ ಮತ್ತೆ ತಪ್ಪಿಸಲಿಲ್ಲ. ಗಡುವು ಮುಗಿದಾಗ ಚನ್ನಕೇಶವ ಬಂದು ಹೇಳಿದರು: "ಮೊದಮೊದಲು ಹೆಂಗಸರದೇ ತಪ್ಪು ಅಂತಿದ್ನಂತೆ. ಈಗ ತಾನು ಮಾಡಿದ್ದನ್ನ ತಾನೇ ಒಪ್ಕೊಂಡು ಹೇಳ್ತಾನಂತೆ."

"ಒಳ್ಳೇದಾಯ್ತು. ಆದ್ರೂ ದೂರದಾಗೇ ಇರ್ಲಿ," ಎಂದಳು ಅಂಜಿನಮ್ಮ.

ಅವನು ದೂರದಲ್ಲೇ ಉಳಿದ. ಹೆಂಗಸರು ಒಬ್ಬರಿಗೊಬ್ಬರು ಕಾಯದೆ ತಮ್ಮ ತಮ್ಮ ಹೊತ್ತಿಗೆ ಏರಿ ದಾಟತೊಡಗಿದರು. ಅಂಜಿನಮ್ಮ ಮಾತ್ರ ಈಗ ತಡವಾಗಿ ಯಲಹಂಕ ಮುಟ್ಟುತ್ತಿದ್ದಳು. ದಾರಿಯ ಗೋಡೆಬರಹ ಒಂದನ್ನೂ ಓದದೆ ಬಿಡುತ್ತಿರಲಿಲ್ಲ.