ತಗಡಿನ ಮೇಲಿನ ಪೆನ್ಸಿಲ್ ಗೆರೆ

ಇದು ನಡೆದದ್ದು ಸಾಂತಾಕ್ರೂಜ್‌ನ ಹ್ಯಾಂಗರಿನಲ್ಲೋ ಜುಹುವಿನದರಲ್ಲೋ, ಈಗ ಖಚಿತವಾಗಿ ಹೇಳಲಾರೆ. ಐವತ್ತರ ದಶಕ ಎಂಬುದಷ್ಟೇ ಗಟ್ಟಿ. ಇಂಜಿನಿಯರಿಂಗ್ ಮುಗಿಸಿದ್ದ ನಾನು ಮಲಾಡಿನ ಚಾಳಿನಿಂದ ದಿನಾ ಲೋಕಲ್ ಹಿಡಿದು, ಯುದ್ಧಕಾಲದ ಹಳೆಯ ಡಕೋಟಾ ವಿಮಾನಗಳ ದುರಸ್ತಿಗೆ ಹೋಗುತ್ತಿದ್ದೆ.

ಒಂದು ಮಳೆಗಾಲ ಕಳೆದ ಮೇಲೆ ವಿಮಾನವೊಂದರ ನೆಲಹಲಗೆ ಎತ್ತಿದಾಗ, ಕೆಳಗಿನ ಅಲ್ಯುಮಿನಿಯಂ ತಗಡಿನಲ್ಲಿ ನೇರವಾದ ಸಣ್ಣ ತೋಡು ಕಂಡಿತು. ಅದರೊಳಗೆ ಬಿಳಿ ಪುಡಿ. ಹಾರಾಟದಿಂದ ಹಾರಾಟಕ್ಕೆ ಲೋಹ ದಣಿಯುತ್ತದೆ; ಬಿರುಕು ಹೊರಡುವುದು ಇಂಥ ತೋಡಿನಿಂದಲೇ. ಹಿಂದಿನ ವರ್ಷ ಆ ತಗಡು ಕೂರಿಸಿದವರು ಉಡುಪಿ ಕಡೆಯ ಹಿರಿಯ ಮೆಕ್ಯಾನಿಕ್. ಮೊಳೆಯಿಂದ ಗೀರಿ ಗುರುತು ಹಾಕಿದ್ದಾರೆಂದು, ಧಾರವಾಡದವರಾದ ನಮ್ಮ ಫೋರ್‌ಮನ್ ಆ ಹಿರಿಯರನ್ನು ತಿಂಗಳ ಕೊನೆಗೆ ಕೆಲಸದಿಂದ ತೆಗೆಯಲು ಹೊರಟರು.

"ಗೀರಿದ್ದಲ್ಲ, ಅದು ಪೆನ್ಸಿಲ್ ಗೆರೆ. ಪೆನ್ಸಿಲ್ ಇದನ್ನು ತಿಂತದೆ," ಎಂದರು ಮೆಕ್ಯಾನಿಕ್.

"ಇವತ್ತ ಪೆನ್ಸಿಲ್ ತಗಡು ತಿಂತದ ಅಂತಿ. ನಾಳೆ ರಬ್ಬರ್ ಇಂಜಿನ್ ನುಂಗೇದ ಅಂತಿ," ಎಂದರು ಫೋರ್‌ಮನ್.

ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು. ಆಮೇಲೆ ಹೊಳೆಯಿತು: ಆ ತಗಡಿನ ಮೇಲೆ, ಅದನ್ನು ಬಿಗಿಯುವ ರಿವೆಟ್‌ಗಳ ಸಾಲಿಗೆ ಗುರುತು ಹಾಕಿದ್ದು ನಾನೇ, ಕಾಲೇಜಿನ ಡ್ರಾಯಿಂಗ್ ಪೆನ್ಸಿಲಿನಿಂದ.

"ನಿಮಗೆ ಹೇಗೆ ಗೊತ್ತು?" ಎಂದು ಮೆಕ್ಯಾನಿಕ್ ಅವರನ್ನು ಕೇಳಿದೆ.

"ಹೋಟೆಲಲ್ಲಿ ಪಾತ್ರೆ ತಿಕ್ಕಿ ಬಂದವ ಮಾರಾಯ್ರೆ ನಾನು. ಅಲ್ಯುಮಿನಿಯಂ ಪಾತ್ರೆಯಲ್ಲಿ ಹುಳಿ ಇಟ್ರೆ ಚುಕ್ಕಿ ಚುಕ್ಕಿ ತೂತು ಬೀಳ್ತದೆ. ಅದಕ್ಕೆ ಯಾವುದು ಆಗುದಿಲ್ಲ ಅಂತ ಆಗಿನಿಂದ ನೋಡ್ತಾ ಬಂದದ್ದು."

ಹುಳಿ ಸರಿ, ಪೆನ್ಸಿಲ್? ನಂಬಿಕೆ ಬರಲಿಲ್ಲ. ಒಂದು ತುಂಡು ತಗಡಿನ ಮೇಲೆ ಒಂದು ಗೀರು ಹಾಕಿ, ಪಕ್ಕದಲ್ಲಿ ಪೆನ್ಸಿಲ್ ಗೆರೆ ಎಳೆದೆ. ಉಪ್ಪುನೀರಿನ ಬಟ್ಟೆ ಸುತ್ತಿ ಚಾಳಿನ ಕಿಟಕಿಯಲ್ಲಿಟ್ಟೆ. ದಿನಾ ಬಿಚ್ಚಿ ನೋಡುವುದೇ ಕೆಲಸ. ಎಷ್ಟನೇ ದಿನವೋ, ಪೆನ್ಸಿಲ್ ಗೆರೆಯುದ್ದಕ್ಕೂ ಬಿಳಿ ಪುಡಿ ಎದ್ದಿತ್ತು. ಗೀರು ಇದ್ದ ಹಾಗೇ ಇತ್ತು.

ತುಂಡನ್ನು ಫೋರ್‌ಮನ್ ಮೇಜಿನ ಮೇಲಿಟ್ಟು, "ವಿಮಾನದಲ್ಲಿ ಗೆರೆ ಎಳೆದದ್ದು ನಾನು," ಎಂದೆ. ನಿಜವಾಗಿ ಎಂದೆನೇ? ಅಷ್ಟು ಧೈರ್ಯ ಆಗ ನನಗಿತ್ತೇ ಎಂಬ ಅನುಮಾನ ಈಗಲೂ ಇದೆ. ಅವರು ಪುಡಿಯನ್ನು ಉಗುರಿನಿಂದ ಕೆರೆದು ನೋಡಿ, "ನಾಳಿಂದ ಪೆನ್ಸಿಲ್ ಮನ್ಯಾಗ ಇಟ್ಟು ಬಾ. ಬೇಕಾದ್ರ ಡಿಗ್ರಿನೂ," ಎಂದದ್ದು ಮಾತ್ರ ಕಿವಿಯಲ್ಲಿದೆ. ಮೆಕ್ಯಾನಿಕ್ ಕೆಲಸದಲ್ಲಿ ಉಳಿದರು.

ಕಿಟಕಿಯಲ್ಲಿ ನಾನು ಕಂಡದ್ದನ್ನೂ ಪೂರ್ತಿ ನಂಬಲಾರದೆ, ವರ್ಷಗಳ ನಂತರ ಲೈಬ್ರರಿಯಲ್ಲಿ ಹುಡುಕಿದೆ. ಅಲ್ಯುಮಿನಿಯಂ ಮೇಲೆ ಪೆನ್ಸಿಲಿನ ಗ್ರಾಫೈಟ್ ಕೂತು ತೇವ ತಾಗಿದರೆ, ಕೆಳಗಿನ ಲೋಹ ಸವೆಯುತ್ತದೆ.